ಜುಲೈ ಮಳೆಯಲ್ಲಿ ಅಪ್ಪ ಅಮ್ಮ, ಮಕ್ಕಳ ಜೊತೆ ಮಡಿಕೇರಿ ಟ್ರಿಪ್: ಕ್ಯಾನ್ಸಲ್ ಮಾಡಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿರೋದು ಹೀಗೆ. ಜುಲೈ ಕೊನೇ ವಾರ ಬೆಂಗಳೂರಿಂದ ಕಾರಲ್ಲಿ ಮಡಿಕೇರಿ, ಅಲ್ಲಿ ಎರಡು ರಾತ್ರಿ ಹೋಂಸ್ಟೇ, ಆಮೇಲೆ ಸಂಪಾಜೆ ಘಾಟಿ ಇಳಿದು ಕುಕ್ಕೆ ಸುಬ್ರಹ್ಮಣ್ಯ, ಅಲ್ಲಿಂದ ಶಿರಾಡಿ ಹತ್ತಿ ವಾಪಸ್. ಜೊತೆಗೆ ವಯಸ್ಸಾದ ಅಪ್ಪ ಅಮ್ಮ, ಇಬ್ಬರು ಮಕ್ಕಳು. ಗುಡ್ಡ ಕುಸಿಯುವ ವಿಡಿಯೋ ನೋಡಿ ಅಮ್ಮ ಬೇಡವೇ ಬೇಡ ಅನ್ನುತ್ತಿದ್ದಾರೆ. ಹೋಂಸ್ಟೇಯವರು ಅಡ್ವಾನ್ಸ್ ವಾಪಸ್ ಕೊಡಲ್ಲ ಅಂದಿದ್ದಾರೆ.

ನಾನು ಮಡಿಕೇರಿ ಕಡೆಯವನು. ಈಗ ಮೈಸೂರಲ್ಲಿದ್ದೇನೆ, ಮಳೆಗಾಲದಲ್ಲೂ ಮನೆಗೆ ಹೋಗಿ ಬರುತ್ತೇನೆ. ನೇರವಾಗಿ ಹೇಳಿಬಿಡುತ್ತೇನೆ: ಕುಕ್ಕೆ, ಶಿರಾಡಿ ಭಾಗವನ್ನು ಇವತ್ತೇ ಕೈಬಿಡಿ. ಮಡಿಕೇರಿಗೆ ಹೋಗಬೇಕಾ ಬೇಡವಾ ಅನ್ನೋದನ್ನು ಈಗ ತೀರ್ಮಾನ ಮಾಡಬೇಡಿ, ಹೊರಡುವ ಹಿಂದಿನ ಸಂಜೆ ಮಾಡಿ.

ಇದನ್ನು ಎರಡಾಗಿ ಯಾಕೆ ನೋಡಬೇಕು ಅಂದರೆ ಇವೆರಡೂ ಬೇರೆ ಬೇರೆ ರಸ್ತೆಗಳು. ಮೈಸೂರು, ಹುಣಸೂರು, ಕುಶಾಲನಗರ, ಸುಂಟಿಕೊಪ್ಪ ದಾಟಿ ಮಡಿಕೇರಿಗೆ ಬರುವ ದಾರಿ ಪೂರ್ವದ ಕಡೆಯಿಂದ ನಿಧಾನವಾಗಿ ಏರುತ್ತದೆ. ಆ ಕಡೆ ಮಳೆಯೂ ಕಡಿಮೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯೋದು ಘಟ್ಟದ ಪಶ್ಚಿಮದ ಮುಖ, ಕಡಿದಾದ ಇಳಿಜಾರು, ಒಂದು ಕಡೆ ಬರೆ (ನೆಟ್ಟಗೆ ನಿಂತ ಮಣ್ಣಿನ ಗೋಡೆ), ಇನ್ನೊಂದು ಕಡೆ ಕಣಿವೆ. 2018ರ ಆಗಸ್ಟಲ್ಲಿ ಮದೆನಾಡು, ಜೋಡುಪಾಲದ ಹತ್ತಿರ ಈ ಹೆದ್ದಾರಿಯೇ ಕುಸಿದು ಮಡಿಕೇರಿ-ಮಂಗಳೂರು ಸಂಚಾರ ನಿಂತುಹೋಗಿತ್ತು. ಶಿರಾಡಿಯೂ ಹಾಗೇ, 2024ರ ಜುಲೈಯಲ್ಲಿ ಸಕಲೇಶಪುರದ ಹತ್ತಿರ ದೊಡ್ಡತಪ್ಪಲೆಯಲ್ಲಿ ಗುಡ್ಡ ರಸ್ತೆ ಮೇಲೆ ಬಂತು. ಇನ್ನು ಕುಕ್ಕೆಯಲ್ಲಿ ಕುಮಾರಧಾರಾ ತುಂಬಿದರೆ ಸ್ನಾನಘಟ್ಟವೇ ಮುಳುಗುತ್ತದೆ. ನೀವು ಒಂದು ಘಾಟಿ ಇಳಿದ ಮೇಲೆ ಎರಡೂ ಬಂದ್ ಆದರೆ ಮೊಬೈಲ್ ಮ್ಯಾಪ್ ನಿಮ್ಮನ್ನು ಬಿಸಿಲೆ ಘಾಟಿಯಂಥ ಕಾಡುರಸ್ತೆಗೆ ಕಳಿಸುತ್ತದೆ, ಸಂಜೆ ಮಳೆಯಲ್ಲಿ, ಹಿಂದಿನ ಸೀಟಲ್ಲಿ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಆ ದಾರಿಗೆ ಬೀಳೋದು ಬೇಡ. ದೇವರ ದರ್ಶನ ಡಿಸೆಂಬರಲ್ಲೂ ಆಗುತ್ತದೆ.

ಅಮ್ಮನ ಭಯ ಸುಮ್ನೆ ಅಲ್ಲ, ಅದನ್ನು ಮೊದಲು ಒಪ್ಪಿಕೊಳ್ಳಿ. ಅಂಕೋಲದ ಹತ್ತಿರ ಶಿರೂರಿನ ಗುಡ್ಡ ಕುಸಿದಿದ್ದು 2024ರ ಜುಲೈ 16. ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋಗಿದ್ದು ಅದೇ ಜುಲೈ 30, ಸತ್ತವರು 200ಕ್ಕೂ ಜಾಸ್ತಿ. ತಲಕಾವೇರಿಯ ಬ್ರಹ್ಮಗಿರಿ ಜಾರಿ ಅರ್ಚಕರ ಮನೆ ಮುಚ್ಚಿಹೋಗಿದ್ದು 2020ರ ಆಗಸ್ಟ್ ಮೊದಲ ವಾರ. ಪುನರ್ವಸು ಮಳೆಯಿಂದ ಆಶ್ಲೇಷ ಮಳೆ ಮುಗಿಯುವ ತನಕ, ಅಂದರೆ ಜುಲೈ ಮೊದಲ ವಾರದಿಂದ ಆಗಸ್ಟ್ ಮಧ್ಯದವರೆಗೆ, ನಮ್ಮ ಹಿರಿಯರು ಯಾವಾಗಲೂ ಹುಷಾರಾಗಿರುತ್ತಾರೆ. ನಿಮ್ಮ ತಾರೀಕು ಸರಿಯಾಗಿ ಅದರ ಮಧ್ಯದಲ್ಲಿದೆ.

ಆದರೆ ಜುಲೈ ಅಂದ ಕೂಡಲೇ ಕೊಡಗಿನ ಗುಡ್ಡವೆಲ್ಲ ಬೀಳಲ್ಲ. ದೊಡ್ಡ ಕುಸಿತ ಆಗೋದು ಸಾಮಾನ್ಯವಾಗಿ ಹಲವು ದಿನ ಬಿಡದೆ ಸುರಿದು ಮಣ್ಣು ನೀರು ಕುಡಿದು ಭಾರವಾದ ಮೇಲೆ, ಅದರ ಮೇಲೆ ಮತ್ತೊಂದು ಜೋರು ಮಳೆ ಬಿದ್ದಾಗ. ವಯನಾಡಲ್ಲಿ ಎರಡೇ ದಿನದಲ್ಲಿ 500 ಮಿ.ಮೀ. ದಾಟಿತ್ತು. ಹಾಗಾಗಿ ಅವತ್ತಿನ ಮುನ್ಸೂಚನೆ ಒಂದನ್ನೇ ನೋಡಿದರೆ ಸಾಲದು, ಹಿಂದಿನ ಮೂರು ನಾಲ್ಕು ದಿನ ಎಷ್ಟು ಸುರಿದಿದೆ ಅನ್ನೋದೂ ಗೊತ್ತಿರಬೇಕು. ಇನ್ನೊಂದು, ಗುಡ್ಡ ಎಲ್ಲಿ ಬೀಳುತ್ತದೆ ಅನ್ನೋದು. 2018ರ ನಂತರ ಭೂವಿಜ್ಞಾನಿಗಳು ನೋಡಿ ಹೇಳಿದ ಮುಖ್ಯ ಕಾರಣಗಳಲ್ಲಿ ಮನೆ, ರಸ್ತೆಗಾಗಿ ಇಳಿಜಾರನ್ನು ನೆಟ್ಟಗೆ ಕಡಿದಿದ್ದೂ ಇತ್ತು. ಎಷ್ಟೋ ಹೋಂಸ್ಟೇಗಳು ನಿಂತಿರೋದು ಅಂಥ ಜಾಗದಲ್ಲೇ.

ಆದ್ದರಿಂದ ಹೋಂಸ್ಟೇಯವರಿಗೆ ಫೋನ್ ಮಾಡಿ "ಸೇಫಾ?" ಅಂತ ಕೇಳಬೇಡಿ. "ಏನೂ ತೊಂದರೆ ಇಲ್ಲ, ಬನ್ನಿ" ಅಂತಾರೆ ಅಷ್ಟೆ. ಮನೆ ಹಿಂದೆ ಬರೆ ಇದೆಯಾ, ಗುಡ್ಡ ಕಡಿದು ಸಮ ಮಾಡಿದ ಜಾಗವಾ ಅಂತ ಕೇಳಿ. 2018ರಲ್ಲಿ ನಿಮ್ಮ ಊರಲ್ಲಿ ಏನಾಗಿತ್ತು ಅಂತ ಕೇಳಿ, ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಆದರೆ ತಪ್ಪದೆ ಕೇಳಿ. ಮುಖ್ಯ ರಸ್ತೆಯಿಂದ ಮನೆಗೆ ಎಷ್ಟು ದೂರ, ಮಧ್ಯೆ ತೋಡು (ಸಣ್ಣ ಹಳ್ಳ) ದಾಟಬೇಕಾ, ಹೋದ ವರ್ಷ ಕರೆಂಟ್ ಎಷ್ಟು ದಿನ ಹೋಗಿತ್ತು, ಯಾವ ಸಿಮ್ ಸಿಗ್ನಲ್ ಬರುತ್ತದೆ. ಈ ಕರೆಂಟ್, ಸಿಗ್ನಲ್ ವಿಷಯ ಸಣ್ಣದಲ್ಲ. ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಕತ್ತಲೆ, ಆಮೇಲೆ ಟವರೂ ಸತ್ತುಹೋಗುತ್ತದೆ, ಅಪ್ಪನಿಗೆ ರಾತ್ರಿ ಎದೆನೋವು ಬಂದರೆ ಯಾರನ್ನು ಕರೆಯೋದು? ಊರೊಳಗೆ, ಮಡಿಕೇರಿ ಪೇಟೆಗೆ ಹತ್ತಿರ ಇರುವ ಮನೆ ಸಿಕ್ಕರೆ ನೋಟ ಕಡಿಮೆ ಇದ್ದರೂ ಅದೇ ವಾಸಿ.

ಈಗ ದುಡ್ಡು. ನಾನು ಕಂಡಂತೆ ಎಷ್ಟೋ ಜನರನ್ನು ರೆಡ್ ಅಲರ್ಟ್ ದಿನ ಘಾಟಿ ಹತ್ತಿಸೋದು ಧೈರ್ಯ ಅಲ್ಲ, ಕೊಟ್ಟ ಅಡ್ವಾನ್ಸ್. ಅದಕ್ಕೇ ದುಡ್ಡಿನ ಮಾತನ್ನು ಈಗಲೇ ಮುಗಿಸಿ. ವಾಪಸ್ ಬೇಡ, ಆರೆಂಜ್ ಅಥವಾ ರೆಡ್ ಅಲರ್ಟ್ ಬಂದರೆ ತಾರೀಕು ಬದಲಾಯಿಸಿಕೊಡಿ ಅಂತ ಕೇಳಿ, ಒಪ್ಪಿದರೆ ವಾಟ್ಸಾಪಲ್ಲಿ ಬರೆಸಿಕೊಳ್ಳಿ. ತುಂಬಾ ಜನ ಒಪ್ಪುತ್ತಾರೆ, ಜುಲೈಯಲ್ಲಿ ಅವರಿಗೂ ರೂಮು ಖಾಲಿ. ಒಪ್ಪದಿದ್ದರೆ ಆ ದುಡ್ಡು ಹೋಯಿತು ಅಂತ ಇವತ್ತೇ ಮನಸ್ಸಲ್ಲಿ ಬರೆದುಬಿಡಿ, ಆಗ ಹಿಂದಿನ ಸಂಜೆ ತಲೆ ಸರಿಯಾಗಿ ಓಡುತ್ತದೆ.

ಆ ಸಂಜೆ ಏನು ನೋಡಬೇಕು? ಹವಾಮಾನ ಇಲಾಖೆ ಕೊಡಗು ಜಿಲ್ಲೆಗೆ ಕೊಟ್ಟಿರುವ ಅಲರ್ಟ್ ಬಣ್ಣ ನೋಡಿ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಅವರ ಲೆಕ್ಕದಲ್ಲಿ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.4ರ ಮೇಲೆ ಹೋದರೆ ಅತ್ಯಂತ ಭಾರಿ. ರೆಡ್ ಇದ್ದರೆ ಮಾತೇ ಇಲ್ಲ, ಹೋಗಬೇಡಿ. ಆರೆಂಜ್ ಎರಡು ದಿನ ಸಾಲಾಗಿ ಇದ್ದರೂ ಹೋಗಬೇಡಿ, ಮಕ್ಕಳು ವೃದ್ಧರು ಇಲ್ಲದಿದ್ದರೆ ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಕೊಡಗಿನ ಜಿಲ್ಲಾಧಿಕಾರಿ ಮಳೆಗೆ ಶಾಲೆಗಳಿಗೆ ರಜೆ ಕೊಟ್ಟಿದ್ದರೆ ಅದನ್ನೂ ಸೂಚನೆ ಅಂತಲೇ ತಗೊಳ್ಳಿ. ಅಲ್ಲಿನ ಮಕ್ಕಳೇ ಮನೆಯಿಂದ ಹೊರಡದ ದಿನ ನಿಮ್ಮ ಮಕ್ಕಳು ಯಾಕೆ ಹೊರಡಬೇಕು? ರಸ್ತೆ ಬಗ್ಗೆ ಅನುಮಾನ ಇದ್ದರೆ ಜಿಲ್ಲಾ ಕಂಟ್ರೋಲ್ ರೂಮ್ 1077 ಇದೆ. ವಾಟ್ಸಾಪ್ ವಿಡಿಯೋ ನಂಬಬೇಡಿ, 2018ರದ್ದೇ ಪ್ರತಿ ಮಳೆಗಾಲ ಹೊಸದಾಗಿ ಸುತ್ತುತ್ತದೆ. ಗಂಟೆ ಗೊತ್ತು ಮಾಡಿಕೊಳ್ಳಿ, ಸಂಜೆ ಏಳು ಅಂತಿಟ್ಟುಕೊಳ್ಳಿ, ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಅಷ್ಟಾದ ಮೇಲೂ ಅವರು ಬೇಡ ಅಂದರೆ ಒತ್ತಾಯ ಮಾಡಬೇಡಿ, ಎರಡು ರಾತ್ರಿ ಮಳೆ ಸದ್ದಿಗೆ ನಿದ್ದೆ ಇಲ್ಲದೆ ಕೂರೋದು ಅವರಿಗೆ ಪ್ರವಾಸ ಅಲ್ಲ.

ಹೋದರೆ ಒಂದೇ ಒಂದು ಮಾತು ಪಾಲಿಸಿ: ಹೋದ ಮನೆಯಲ್ಲೇ ಇರಿ. ಕತ್ತಲಾಗುವ ಮೊದಲು ತಲುಪಿ. ಮಾಂದಲಪಟ್ಟಿ ಬೆಟ್ಟಕ್ಕೆ ಜೀಪು ಬೇಡ, ಭಾಗಮಂಡಲ ತಲಕಾವೇರಿ ಬೇಡ. ಜಲಪಾತದ ಬಂಡೆ ಮೇಲೆ ಯಾರೂ ಇಳಿಯಬಾರದು. 2024ರ ಜೂನ್ 30ಕ್ಕೆ ಲೋಣಾವಳದ ಭೂಶಿ ಡ್ಯಾಮ್ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು, ಅಲ್ಲಿ ಗುಡ್ಡ ಏನೂ ಬಿದ್ದಿರಲಿಲ್ಲ, ನೀರು ಏಕಾಏಕಿ ಏರಿತು ಅಷ್ಟೆ. ಕಡಿದ ಗುಡ್ಡದ ಕೆಳಗೆ ಟೀ ಕುಡಿಯೋಕೂ ಕಾರು ನಿಲ್ಲಿಸಬೇಡಿ, ಶಿರೂರಲ್ಲಿ ಮಣ್ಣು ಬಿದ್ದಿದ್ದು ಹೆದ್ದಾರಿ ಪಕ್ಕದ ಟೀ ಅಂಗಡಿ ಮೇಲೆಯೇ.

ಮಕ್ಕಳಿಗೆ ಬೇಜಾರಾಗುತ್ತದೆ ಅಂದಿರಿ. ಅದೇ ರಜೆಗೆ ಮೈಸೂರಿಗೆ ಬನ್ನಿ. ಕೆ.ಆರ್.ಎಸ್. ತುಂಬಿ ನೀರು ಬಿಟ್ಟಿದ್ದರೆ ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿ ನೋಡೋಕೆ ಅದೇ ಸರಿಯಾದ ಕಾಲ, ಕಂಬಿ ಈಚೆ ನಿಂತೇ ನೋಡಬಹುದು. ದಾರಿಯಲ್ಲಿ ಸೋಮನಾಥಪುರ, ತಲಕಾಡು. ಕುಶಾಲನಗರದಲ್ಲಿ ರೂಮು ಮಾಡುತ್ತೇವೆ ಅನ್ನಬೇಡಿ, ಕಾವೇರಿ ಉಕ್ಕಿದರೆ ಅಲ್ಲಿನ ತಗ್ಗಿನ ಬಡಾವಣೆಗಳಿಗೂ ನೀರು ನುಗ್ಗುತ್ತದೆ.

ಮಡಿಕೇರಿ ಬುಕಿಂಗನ್ನು ಮುಂದಕ್ಕೆ ಹಾಕೋದಾದರೆ ನವೆಂಬರ್ ಕೇಳಿ. ಅಕ್ಟೋಬರಲ್ಲಿ ದಸರಾ, ತಲಕಾವೇರಿಯ ತೀರ್ಥೋದ್ಭವ ಅಂತ ಜನ ಜಾಸ್ತಿ, ಬಾಡಿಗೆಯೂ ಜಾಸ್ತಿ. ನವೆಂಬರಲ್ಲಿ ಮಳೆ ಬಹುಪಾಲು ಮುಗಿದಿರುತ್ತದೆ, ಬೆಟ್ಟ ಇನ್ನೂ ಹಸಿರಾಗಿರುತ್ತದೆ, ಸಂಪಾಜೆ ಇಳಿದು ಕುಕ್ಕೆಗೂ ಹೋಗಿ ಬರಬಹುದು.