ಕಂಪ್ಯೂಟರ್ ಪ್ರಶ್ನೋತ್ತರ: ಒತ್ತಿದರೂ ತೆರೆಯದ ವಿಎಲ್‌ಸಿ

ಪ್ರಶ್ನೆ: ಮಾನ್ಯರೇ, ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಂಟಿಮನೆ. ತಂದೆಯವರು ಅರ್ಥ ಹೇಳಿದ ತಾಳಮದ್ದಲೆಗಳ ಕ್ಯಾಸೆಟ್ಟುಗಳನ್ನು ಕಳೆದ ವರ್ಷ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ. ಮಳೆಗಾಲದ ಸಂಜೆ ಅವುಗಳನ್ನು ವಿಎಲ್‌ಸಿ ಪ್ಲೇಯರಿನಲ್ಲಿ ಕೇಳುವುದು ಮನೆಯ ರೂಢಿ. ಮೊನ್ನೆ ಕೇಳುತ್ತಿದ್ದಾಗಲೇ ಸಿಡಿಲಿನೊಂದಿಗೆ ಕರೆಂಟು ಹೋಯಿತು. ಇನ್ವರ್ಟರ್ ಇದ್ದರೂ ಕಂಪ್ಯೂಟರ್ ಆರಿ ಮತ್ತೆ ಹತ್ತಿಕೊಂಡಿತು. ಅಂದಿನಿಂದ ಆ ಕೇಸರಿ ಟೋಪಿಯ ಚಿತ್ರವನ್ನು ಒತ್ತಿದರೆ ಬಾಣದ ಪಕ್ಕದಲ್ಲಿ ಉಂಗುರ ಒಂದು ಸುತ್ತು ತಿರುಗಿ ನಿಲ್ಲುತ್ತದೆ, ಮುಂದೇನೂ ಆಗುವುದಿಲ್ಲ. ಬೆಂಗಳೂರಿನಲ್ಲಿರುವ ಮಗ ಅದನ್ನು ತೆಗೆದುಹಾಕಿ ಮತ್ತೆ ಹಾಕಿಕೊಳ್ಳಿ ಎನ್ನುತ್ತಾನೆ. ತೆಗೆದರೆ ತಂದೆಯವರ ದನಿಯೂ ಅದರೊಟ್ಟಿಗೆ ಹೋದೀತೆಂಬ ಹೆದರಿಕೆಯಿಂದ ನಾನು ಕೈ ಹಾಕಿಲ್ಲ. ದಾರಿ ತೋರಿಸಿ.

ಉತ್ತರ: ಮೊದಲು ನಿಮ್ಮ ಹೆದರಿಕೆಯ ಮಾತು. ವಿಎಲ್‌ಸಿ ತನ್ನೊಳಗೆ ಯಾವ ಹಾಡನ್ನೂ, ಯಾವ ಮಾತನ್ನೂ ಇಟ್ಟುಕೊಳ್ಳುವುದಿಲ್ಲ. ನಿಮ್ಮ ತಾಳಮದ್ದಲೆಗಳು ಎಂಪಿತ್ರೀಯೋ ಮತ್ತೊಂದೋ ಆಗಿ, ನೀವು ಇಳಿಸಿಕೊಂಡಾಗ ಆರಿಸಿದ ಫೋಲ್ಡರಿನಲ್ಲಿಯೇ ಇರುತ್ತವೆ. ಟೇಪ್ ರೆಕಾರ್ಡರ್ ಕೆಟ್ಟರೆ ಕ್ಯಾಸೆಟ್ಟು ಹೇಗೆ ಕೆಡುವುದಿಲ್ಲವೋ ಹಾಗೆಯೇ ಪ್ಲೇಯರನ್ನು ತೆಗೆದುಹಾಕಿದರೆ ಅವು ಹೋಗುವುದಿಲ್ಲ. ಆದರೂ ರಿಪೇರಿಗೆ ಕೈ ಹಾಕುವ ಮುನ್ನ ಆ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಇದು ವಿಎಲ್‌ಸಿಯ ಭಯಕ್ಕಲ್ಲ. ಮತ್ತೆಲ್ಲಿಯೂ ಸಿಗದ ದನಿಯ ಒಂದೇ ಪ್ರತಿಯನ್ನು, ಸಿಡಿಲು ಬಡಿಯುವ ಊರಿನ ಒಂದೇ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಂಡಿರುವುದು ನನಗೆ ಸರಿಕಾಣದು.

ನೀವು ಕೇಸರಿ ಟೋಪಿ ಎಂದದ್ದು ರಸ್ತೆ ಕೆಲಸ ನಡೆಯುವಲ್ಲಿ ಇಡುವ ಶಂಕುವಿನ ಚಿತ್ರ. ಆಗುಂಬೆ ಘಾಟಿ ಇಳಿಯುವವರಿಗೆ ಮಳೆಗಾಲದಲ್ಲಿ ಚೆನ್ನಾಗಿ ಪರಿಚಯವಿರುವ ವಸ್ತು. 1996ರಲ್ಲಿ ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳು ಆರಂಭಿಸಿದ ಈ ಕೆಲಸ 2001ರಲ್ಲಿ ಮುಕ್ತ ತಂತ್ರಾಂಶವಾಯಿತು. ಇಂದಿಗೂ ಅದಕ್ಕೆ ಹಣ ಕೊಡಬೇಕಾಗಿಲ್ಲ. ಹಣ ಕೇಳುವ, ಅಥವಾ ಇದರ ಜೊತೆಗೆ ಇನ್ನೇನನ್ನೋ ತುರುಕುವ ತಾಣಗಳಿಂದ ಅದನ್ನು ಇಳಿಸಿಕೊಳ್ಳಬೇಡಿ. ವಿಎಲ್‌ಸಿಯನ್ನು ಹೊರತರುವ ವಿಡಿಯೋಲ್ಯಾನ್ ಸಂಸ್ಥೆಯ ಸ್ವಂತ ತಾಣವೊಂದೇ ಸಾಕು.

ಈಗ ದೋಷಕ್ಕೆ ಬರೋಣ. ನೀವು ಚಿತ್ರವನ್ನು ಒತ್ತಿದಾಗ ಮೂರು ಸಂಗತಿಗಳಲ್ಲಿ ಒಂದು ನಡೆಯುತ್ತಿರಬಹುದು: ಪ್ಲೇಯರ್ ಏಳುತ್ತಲೇ ಇಲ್ಲ, ಅಥವಾ ಎದ್ದು ಕೂಡಲೇ ಬೀಳುತ್ತಿದೆ, ಅಥವಾ ಎದ್ದು ಕಾಣದಂತೆ ಒಳಗೆ ಕುಳಿತಿದೆ. ಹೊರಗಿನಿಂದ ಮೂರೂ ಒಂದೇ ರೀತಿ ಕಾಣುವುದರಿಂದ, ಇದನ್ನು ತಿಳಿಯದೆ ತೆಗೆದು ಹಾಕುವ ಗೋಜಿಗೆ ಹೋಗುವುದು ಅವಸರವಾಗುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಆ ಪಟ್ಟಿಯಲ್ಲಿ ವಿಎಲ್‌ಸಿ ಎಂಬ ಹೆಸರು ಒಂದು ಸಲವೋ, ನೀವು ಒತ್ತಿದಷ್ಟು ಸಲವೋ ಕಂಡರೆ, ಮೂರನೆಯದು ನಿಜ. ಒಂದೊಂದನ್ನೂ ಆರಿಸಿ ಎಂಡ್ ಟಾಸ್ಕ್ ಒತ್ತಿ ಮುಗಿಸಿ, ಅನಂತರ ಪ್ಲೇಯರನ್ನು ಮತ್ತೆ ತೆರೆದು ನೋಡಿ. ಒಂದು ಸಲಕ್ಕೆ ಒಂದೇ ಪ್ಲೇಯರ್ ತೆರೆಯಲಿ ಎಂಬ ಆಯ್ಕೆಯನ್ನು ಹಿಂದೆಂದೋ ಗುರುತು ಹಾಕಿದ್ದರಂತೂ, ಒಳಗೆ ಸಿಕ್ಕಿಕೊಂಡಿರುವ ಹಳೆಯ ಪ್ಲೇಯರಿಗೆ ಕೆಲಸವನ್ನು ಒಪ್ಪಿಸಿ ಹೊಸದು ಸುಮ್ಮನೆ ಹಿಂದಿರುಗುತ್ತದೆ, ಹಳೆಯದು ಏನನ್ನೂ ಮಾಡುವುದಿಲ್ಲ. ಹೀಗೆ ಪರೀಕ್ಷಿಸುವಾಗ ತಾಳಮದ್ದಲೆಯ ಕಡತವನ್ನು ಒತ್ತಬೇಡಿ, ಬರಿಯ ಪ್ಲೇಯರನ್ನೇ ತೆರೆಯಿರಿ. ಇಲ್ಲವಾದರೆ ದೋಷ ಕಡತದ್ದೋ ಪ್ಲೇಯರಿನದೋ ತಿಳಿಯುವುದಿಲ್ಲ.

ಹೆಸರು ಪಟ್ಟಿಯಲ್ಲಿ ಮಿಂಚಿ ಮಾಯವಾಗುತ್ತಿದ್ದರೆ ನನ್ನ ಅನುಮಾನ ಕರೆಂಟಿನ ಮೇಲೆ. ವಿಎಲ್‌ಸಿ ಏಳುವಾಗ ಎರಡು ಬಗೆಯ ಕಡತಗಳನ್ನು ಓದಿಕೊಳ್ಳುತ್ತದೆ. ಒಂದು, ನಿಮ್ಮ ಇಷ್ಟಾನುಸಾರದ ಆಯ್ಕೆಗಳನ್ನೂ ವಿಂಡೋ ಇದ್ದ ಜಾಗವನ್ನೂ ಬರೆದಿಟ್ಟ ಕಡತಗಳು. ಇನ್ನೊಂದು, ಅದರ ನೂರಾರು ಬಿಡಿಭಾಗಗಳ ಯಾದಿ. ಹೊಸದಾಗಿ ಬರೆದದ್ದನ್ನು ಕಂಪ್ಯೂಟರ್ ತಕ್ಷಣ ಡಿಸ್ಕಿಗೆ ಇಳಿಸದೆ ಸ್ವಲ್ಪ ಹೊತ್ತು ನೆನಪಿನಲ್ಲಿ ಇಟ್ಟುಕೊಳ್ಳುವುದರಿಂದ, ಅಷ್ಟರಲ್ಲಿ ವಿದ್ಯುತ್ತು ಹೋದರೆ ಕಡತ ಅರ್ಧ ಬರೆದಂತೆಯೋ ಪೂರ್ತಿ ಖಾಲಿಯಾಗಿಯೋ ಉಳಿಯಬಹುದು. ಅದನ್ನು ಓದಲು ಹೋದ ಪ್ಲೇಯರ್ ಮುಗ್ಗರಿಸುತ್ತದೆ.

ಇದಕ್ಕೆ ಪರಿಹಾರವನ್ನು ಅದರೊಂದಿಗೇ ಕೊಟ್ಟಿರುತ್ತಾರೆ. ಸ್ಟಾರ್ಟ್ ಮೆನುವಿನಲ್ಲಿ ವಿಡಿಯೋಲ್ಯಾನ್ ಎಂಬ ಫೋಲ್ಡರನ್ನು ತೆರೆದರೆ, ಆಯ್ಕೆಗಳನ್ನೂ ಕ್ಯಾಶ್ ಕಡತಗಳನ್ನೂ (ಎಂದರೆ ಬಿಡಿಭಾಗಗಳ ಆ ಯಾದಿಯನ್ನೂ) ರೀಸೆಟ್ ಮಾಡುವ ಇನ್ನೊಂದು ಶಂಕುವಿನ ಚಿತ್ರ ಇರುತ್ತದೆ. ಅದನ್ನು ಒಮ್ಮೆ ಒತ್ತಿ, ಕೊಂಚ ಕಾದು, ಪ್ಲೇಯರನ್ನು ತೆರೆಯಿರಿ. ಅಷ್ಟಕ್ಕೂ ಜಗ್ಗದಿದ್ದರೆ ವಿಂಡೋಸ್ ಗುಂಡಿಯೊಂದಿಗೆ ಆರ್ ಅಕ್ಷರವನ್ನು ಒತ್ತಿ, ಬರುವ ಚೌಕದಲ್ಲಿ ಆ್ಯಪ್‌ಡೇಟಾ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಹಿಂದೆ ಮುಂದೆ ಒಂದೊಂದು ಶೇಕಡಾ ಚಿಹ್ನೆ ಸೇರಿಸಿ, ನಡುವೆ ಜಾಗ ಬಿಡದೆ ಬೆರಳಚ್ಚಿಸಿ ಎಂಟರ್ ಒತ್ತಿ. ತೆರೆಯುವ ಜಾಗದಲ್ಲಿ ವಿಎಲ್‌ಸಿ ಎಂಬ ಫೋಲ್ಡರ್ ಕಾಣುತ್ತದೆ. ಅದನ್ನು ಅಳಿಸುವ ಬದಲು ಹೆಸರು ಬದಲಿಸಿ. ಪ್ಲೇಯರ್ ಹಳೆಯದನ್ನು ಕಾಣದೆ ತನಗೆ ಹೊಸದೊಂದನ್ನು ಕಟ್ಟಿಕೊಳ್ಳುತ್ತದೆ. ಕಳೆದುಹೋಗುವುದು ನೀವು ಮಾಡಿಕೊಂಡಿದ್ದ ಆಯ್ಕೆಗಳು ಮತ್ತು ಇತ್ತೀಚೆಗೆ ಕೇಳಿದವುಗಳ ಪಟ್ಟಿ ಮಾತ್ರ.

ಹೀಗೆ ಮಾಡಿದ ಮೇಲೂ ಏಳದಿದ್ದರೆ, ಅಥವಾ ಲಿಬ್‌ವಿಎಲ್‌ಸಿಕೋರ್ ಎಂಬ ಕಡತದ ಹೆಸರು ಹೇಳಿ ದೂರುವ ಸಂದೇಶ ಬಂದರೆ, ಮಗ ಹೇಳಿದಂತೆ ಮಾಡುವ ಸಮಯ ಬಂದಿದೆ ಎಂದು ತಿಳಿಯಿರಿ. ಆ ಸಂದೇಶಕ್ಕೆ ಕಾರಣ ಸಾಮಾನ್ಯವಾಗಿ ನಡುವೆ ನಿಂತುಹೋದ ಅಪ್‌ಡೇಟ್: ಕೆಲವು ಭಾಗಗಳು ಹೊಸ ಆವೃತ್ತಿಯವು, ಕೆಲವು ಹಳೆಯವು, ಒಂದರ ಮಾತು ಒಂದಕ್ಕೆ ತಿಳಿಯದು. ಪ್ಲೇಯರನ್ನು ತೆಗೆದುಹಾಕಿ, ಪ್ರೋಗ್ರಾಮ್ ಫೈಲ್ಸ್ ಒಳಗೆ ವಿಡಿಯೋಲ್ಯಾನ್ ಫೋಲ್ಡರ್ ಉಳಿದಿದ್ದರೆ ಅದನ್ನೂ ಅಳಿಸಿ, ಹೊಸದನ್ನು ಹಾಕಿಕೊಳ್ಳಿ. ಹಳೆಯದರ ಮೇಲೆಯೇ ಹೊಸದನ್ನು ಹೇರುವುದರಿಂದ ಈ ದೋಷ ಹೋಗದೆ ಉಳಿಯುವುದುಂಟು.

ಇನ್ನು ನೀವು ಕೇಳದಿದ್ದರೂ ಹೇಳಬೇಕಾದದ್ದು ಇನ್ವರ್ಟರಿನ ವಿಷಯ. ಮನೆ ಇನ್ವರ್ಟರುಗಳಲ್ಲಿ ಹಲವಕ್ಕೆ ಯುಪಿಎಸ್ ಎಂದು ಬರೆದ ಒಂದು ಸ್ವಿಚ್ಚು ಇರುತ್ತದೆ. ಅದು ಸಾಮಾನ್ಯ ಸ್ಥಿತಿಯಲ್ಲಿದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಹೊರಳುವುದು ತುಸು ತಡವಾಗುತ್ತದೆ. ಫ್ಯಾನು, ದೀಪಗಳಿಗೆ ಅದು ಗೊತ್ತಾಗುವುದಿಲ್ಲ, ಕಂಪ್ಯೂಟರ್ ಮಾತ್ರ ಆರಿ ಹತ್ತಿಕೊಳ್ಳುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ ಎಂದು ಕಾಣುತ್ತದೆ. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಳ್ಳಿ ನೋಡಿ. ಅದೂ ಸಾಲದಿದ್ದರೆ ಕಂಪ್ಯೂಟರಿಗೆ ಚಿಕ್ಕದೊಂದು ಯುಪಿಎಸ್ ಬೇರೆಯೇ ಬೇಕು. ಆಷಾಢದ ಮಲೆನಾಡಿನಲ್ಲಿ ಅದಿಲ್ಲದೆ ಕಂಪ್ಯೂಟರ್ ನಡೆಸುವುದು ಕಂಬಳಿಕೊಪ್ಪೆ ಇಲ್ಲದೆ ಗದ್ದೆಗೆ ಇಳಿದಂತೆ. ಸಿಡಿಲು ಸಮೀಪವಿದ್ದಾಗಲಂತೂ ಯಾವ ಯುಪಿಎಸ್ಸನ್ನೂ ನಂಬದೆ ಪ್ಲಗ್ಗನ್ನೇ ಕಿತ್ತಿಡಿ.

ಪ್ರಶ್ನೆ: ಸಾಗರದ ಬಳಿಯ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ವಾರ್ಷಿಕೋತ್ಸವದಲ್ಲಿ ನನ್ನ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿ ಮಕ್ಕಳ ವಿಡಿಯೋ ತೋರಿಸಿದೆವು. ಮನೆಗೆ ಬಂದ ಮೇಲೆ ವಿಎಲ್‌ಸಿ ತೆರೆದರೆ ಧ್ವನಿ ಕೇಳುತ್ತದೆ, ವಿಂಡೋ ಎಲ್ಲಿಯೂ ಕಾಣುವುದಿಲ್ಲ. ಇದು ವೈರಸ್ಸಿನ ಕೆಲಸವೇ?

ಉತ್ತರ: ಅಲ್ಲ. ನಿಮ್ಮ ಪ್ಲೇಯರ್ ಇನ್ನೂ ಶಾಲೆಯ ಗೋಡೆಯ ಮೇಲೆಯೇ ಇದೆ! ಪ್ರೊಜೆಕ್ಟರನ್ನು ಎರಡನೆಯ ಪರದೆಯಾಗಿ ಜೋಡಿಸಿ, ವಿಂಡೋವನ್ನು ಅತ್ತ ಸರಿಸಿ, ಅಲ್ಲಿಯೇ ಮುಚ್ಚಿದ್ದೀರಿ. ವಿಎಲ್‌ಸಿ ಆ ಜಾಗವನ್ನು ನೆನಪಿಟ್ಟುಕೊಂಡು, ಈಗ ಇಲ್ಲದ ಪರದೆಯಲ್ಲಿ ತೆರೆದುಕೊಳ್ಳುತ್ತಿದೆ. ಪ್ಲೇಯರನ್ನು ತೆರೆದು, ಕೆಳಗಿನ ಪಟ್ಟಿಯಲ್ಲಿ ಅದರ ಚಿತ್ರವನ್ನು ಒಮ್ಮೆ ಒತ್ತಿ ಆರಿಸಿದ ಮೇಲೆ, ವಿಂಡೋಸ್ ಮತ್ತು ಶಿಫ್ಟ್ ಗುಂಡಿಗಳನ್ನು ಹಿಡಿದುಕೊಂಡು ಎಡ ಬಾಣದ ಗುಂಡಿಯನ್ನು ಒತ್ತಿ. ಬಾರದಿದ್ದರೆ ಆಲ್ಟ್ ಮತ್ತು ಸ್ಪೇಸ್ ಒಟ್ಟಿಗೆ, ಬಳಿಕ ಎಂ ಅಕ್ಷರ, ಬಳಿಕ ಯಾವುದಾದರೂ ಒಂದು ಬಾಣದ ಗುಂಡಿಯನ್ನು ಒತ್ತಿ ಮೌಸನ್ನು ಅಲುಗಿಸಿದರೆ ವಿಂಡೋ ಬಾಣಕ್ಕೆ ಅಂಟಿಕೊಂಡು ಬರುತ್ತದೆ. ಬೇಕಾದಲ್ಲಿ ಒತ್ತಿ ಬಿಡಿ. ಹಾಗೆ ತಂದ ಮೇಲೆ ಅಲ್ಲಿಯೇ ಕ್ರಮವಾಗಿ ಮುಚ್ಚಬೇಕು, ಹೊಸ ಜಾಗ ಬರೆದುಕೊಳ್ಳುವುದು ಆಗಲೇ. ಮುಂದಿನ ವರ್ಷ ಕೇಬಲ್ ಕೀಳುವ ಮೊದಲು ಪ್ಲೇಯರನ್ನು ಲ್ಯಾಪ್‌ಟಾಪಿನ ಪರದೆಗೆ ಎಳೆದುಕೊಂಡರೆ ಇಷ್ಟು ಕಷ್ಟವಿಲ್ಲ.

ಪ್ರಶ್ನೆ: ವಿಎಲ್‌ಸಿ ತೆರೆಯುತ್ತದೆ, ಧ್ವನಿಯೂ ಬರುತ್ತದೆ, ಚಿತ್ರದ ಜಾಗ ಮಾತ್ರ ಕಪ್ಪಾಗಿರುತ್ತದೆ. ಎಲ್ಲ ವಿಡಿಯೋಗಳಿಗೂ ಹೀಗೆಯೇ. — ಭದ್ರಾವತಿಯ ಓದುಗರು

ಉತ್ತರ: ಇದು ಬಹುತೇಕ ಗ್ರಾಫಿಕ್ಸ್ ಚಿಪ್ಪಿನೊಂದಿಗಿನ ಜಗಳ. ಟೂಲ್ಸ್ ಮೆನುವಿನ ಪ್ರಿಫರೆನ್ಸಸ್‌ಗೆ ಹೋಗಿ, ಇನ್‌ಪುಟ್ ಮತ್ತು ಕೋಡೆಕ್ಸ್ ವಿಭಾಗದಲ್ಲಿ ಹಾರ್ಡ್‌ವೇರ್ ನೆರವಿನ ಡಿಕೋಡಿಂಗನ್ನು ಡಿಸೇಬಲ್ ಮಾಡಿ, ಸೇವ್ ಒತ್ತಿ, ಪ್ಲೇಯರನ್ನು ಮುಚ್ಚಿ ತೆರೆಯಿರಿ. ಬದಲಾವಣೆ ಕಾಣದಿದ್ದರೆ ವಿಡಿಯೋ ವಿಭಾಗದ ಔಟ್‌ಪುಟ್ ಪಟ್ಟಿಯಲ್ಲಿ ಈಗಿರುವುದನ್ನು ಬಿಟ್ಟು ಡೈರೆಕ್ಟ್‌ತ್ರೀಡಿ ನೈನ್ ಅಥವಾ ಓಪನ್‌ಜಿಎಲ್ ಆರಿಸಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಮುಚ್ಚಿ ತೆರೆಯುವುದನ್ನು ಮರೆಯಬೇಡಿ.