ಚಿತ್ರಪುಸ್ತಕ ಹತ್ತೇ ನಿಮಿಷಕ್ಕೆ ಮುಗಿಯುತ್ತೆ ಎಂದ ಜಗಳೂರಿನ ಮೇಡಂಗೆ

ಮೇಡಂ, ಕಾಡು, ಹೊಳೆಯ ಚಿತ್ರಪುಸ್ತಕವನ್ನು ನಾಲ್ಕನೇ ತರಗತಿ ಮಕ್ಕಳು ಹತ್ತು ನಿಮಿಷದಲ್ಲಿ ತಿರುವಿ ಹಾಕಿ ‘ಮುಗೀತು ಮಿಸ್’ ಅಂತಾರೆ, ಇನ್ನೇನು ಮಾಡಿಸಲಿ ಎಂದು ಕೇಳಿದ್ದೀರಿ. ಹಿರಿಯೂರು ತಾಲ್ಲೂಕಿನ ನಮ್ಮ ಶಾಲೆಯಲ್ಲೂ ಹೀಗೇ ಆಗುತ್ತಿತ್ತು. ಓದಿ ಮುಗಿಸಿದ ಕೂಡಲೇ ನಾನು ‘ಇದರಿಂದ ಏನು ಕಲಿತಿರಿ?’ ಅನ್ನುತ್ತಿದ್ದೆ. ಎಲ್ಲರೂ ಒಂದೇ ರಾಗದಲ್ಲಿ ‘ಪರಿಸರ ಉಳಿಸಬೇಕು’ ಅನ್ನುತ್ತಿದ್ದರು. ಆ ಪ್ರಶ್ನೆ ಬಿಟ್ಟ ಮೇಲೆಯೇ ಮಕ್ಕಳು ಬಾಯಿ ಬಿಟ್ಟಿದ್ದು.

ಮೊದಲ ದಿನ ಅಕ್ಷರ ಬೇಡ. ಬರಹದ ಮೇಲೆ ಕಾಗದದ ಪಟ್ಟಿ ಇಟ್ಟು ಮುಚ್ಚಿಬಿಡಿ. ‘ಏನು ಕಾಣ್ತಿದೆ? ಯಾವುದನ್ನ ನೋಡಿ ಹಾಗೆ ಹೇಳ್ತಿದ್ದೀಯ?’ ಅಂತ ಕೇಳಿ. ದಿನಕ್ಕೆ ಎರಡು ಪುಟ ಸಾಕು. ಆಮೇಲೆ ಕೇಳಬೇಕಾದ್ದು: ಇದರಲ್ಲಿ ನಮ್ಮೂರಲ್ಲಿ ಇಲ್ಲದ್ದು ಯಾವುದು? ನಮ್ಮೂರಲ್ಲಿದ್ದೂ ಇದರಲ್ಲಿ ಬರದೇ ಇರುವುದು ಯಾವುದು?

ಪುಸ್ತಕದ ತುಂಬ ಹಸಿರು, ವರ್ಷವಿಡೀ ಹರಿಯುವ ಹೊಳೆ. ನಮ್ಮ ಮಕ್ಕಳು ನೋಡಿರುವುದು ಬಳ್ಳಾರಿ ಜಾಲಿ, ಕಲ್ಲುಗುಡ್ಡ, ಅದರ ಮೇಲಿನ ಕರೆಂಟು ತೆಗೆಯೋ ಗಾಳಿ ಫ್ಯಾನು. ನಮ್ಮದು ಬರಡು ಸೀಮೆ, ಇಲ್ಲೇನೂ ಇಲ್ಲ ಅಂತ ಅವರಿಗೆ ಅನ್ನಿಸಬಾರದು ಅಲ್ವಾ? ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ ಇದೆ. ಕೊಂಡುಕುರಿ ಅಂದರೆ ಕುರಿಯಲ್ಲ, ಜಿಂಕೆಯಂತೆ ಕಾಣುವ ಕಾಡುಪ್ರಾಣಿ. ಅದರ ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಇನ್ನೆರಡು ಚಿಕ್ಕವು. ಪುಸ್ತಕದ ಜಿಂಕೆಯ ಪಕ್ಕ ಅದರ ಫೋಟೊ ಇಡಿ. ಕೊಂಬು ಅವರೇ ಎಣಿಸಲಿ.

ನನಗೆ ಜಾಸ್ತಿ ಫಲ ಕೊಟ್ಟಿದ್ದು ದಾರದ ಆಟ. ಪ್ರತಿ ಮಗುವಿಗೆ ಒಂದು ಮಾರು ದಾರ ಕೊಡಿ. ತುದಿಗಳನ್ನು ಗಂಟು ಹಾಕಿ, ಅಂಗಳದಲ್ಲಿ ಇಷ್ಟ ಬಂದ ಕಡೆ ದುಂಡಗೆ ಹಾಸಿಕೊಂಡು, ಅದರೊಳಗೆ ನೋಡುತ್ತ ಹತ್ತು ನಿಮಿಷ ಸುಮ್ನೆ ಕೂರಬೇಕು. ವಾರಕ್ಕೊಮ್ಮೆ, ಅದೇ ಜಾಗದಲ್ಲಿ. ಒಬ್ಬ ಹುಡುಗಿ ಹುಣಸೆಮರದ ಬುಡದಲ್ಲಿ ಕೂತಿದ್ದಳು. ಅವಳ ದಾರದೊಳಗೆ ಪುಡಿಮಣ್ಣಿನಲ್ಲಿ ಆಲಿಕೆಯಂಥ ಪುಟ್ಟ ಕುಣಿ. ಒಂದು ಇರುವೆ ಅಂಚಿಗೆ ಬಂದು ಜಾರಿತು. ಹತ್ತಲು ಹೋದಷ್ಟೂ ಮಣ್ಣು ಕುಸಿಯಿತು. ಕೆಳಗಿನಿಂದ ಯಾರೋ ಮಣ್ಣು ಎರಚಿದ ಹಾಗಾಯಿತು. ಆಮೇಲೆ ಎರಡು ಕೊಂಡಿ ಹೊರಬಂದು ಇರುವೆಯನ್ನು ಒಳಕ್ಕೆ ಎಳೆದವು. ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಆ ಹುಳಕ್ಕೆ ಏನಂತಾರೆ ಅಂತ ನನ್ನನ್ನು ಕೇಳಿದಳು. ನಾನು ಹೇಳಲಿಲ್ಲ, ಎಲ್ಲರೂ ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂದೆ. ಮಾರನೇ ದಿನ ತರಗತಿಗೆ ಬೇರೆ ಬೇರೆ ಮನೆಯಿಂದ ಬೇರೆ ಬೇರೆ ಹೆಸರು ಬಂದವು. ಎಲ್ಲವನ್ನೂ ಬೋರ್ಡಿನ ಮೇಲೆ ಬರೆದೆವು.

ಮನೆಯ ಹಿರಿಯರನ್ನು ಸೇರಿಸಿಕೊಳ್ಳಿ. ನಮ್ಮಲ್ಲಿ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ತುಂಬಿದ್ದು, ಮತ್ತೆ ಕೋಡಿ ಬಿದ್ದಿದ್ದು 2022ರ ಸೆಪ್ಟೆಂಬರ್‌ನಲ್ಲಿ. 89 ವರ್ಷ! ಎಂಬತ್ತು ದಾಟಿದ ಅಜ್ಜಿಯೂ, ಮೊಮ್ಮಗನೂ ಅದನ್ನು ಮೊದಲ ಸಲ ನೋಡಿದ್ದು ಒಟ್ಟಿಗೇ. ಆ ವರ್ಷ ಮಕ್ಕಳು ಒಂದು ಹಾಳೆಯ ಎಡಕ್ಕೆ ಒಣಗಿದ ಕಣಿವೆ, ಬಲಕ್ಕೆ ಕೋಡಿ ನೀರು ಬರೆದರು. ನಿಮ್ಮೂರ ಕೆರೆ ಯಾವಾಗ ತುಂಬಿತ್ತು, ಯಾವ ವರ್ಷ ಬತ್ತಿತ್ತು ಅಂತ ಮಕ್ಕಳೇ ಕೇಳಿಕೊಂಡು ಬರಲಿ.

ಕೊನೆಗೆ ನಮ್ಮೂರಿನದೇ ಪುಸ್ತಕ. ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು, ದಬ್ಬಣದಲ್ಲಿ ಹೊಲಿಯಿರಿ. ಬಣ್ಣ ಕೊಳ್ಳಬೇಡಿ. ಕೆಮ್ಮಣ್ಣು, ಎರೆಮಣ್ಣು ಎರಡೂ ನಮ್ಮ ಸೀಮೆಯಲ್ಲೇ ಇವೆ. ತೆಳ್ಳನೆ ಬಟ್ಟೆಯಲ್ಲಿ ಜರಡಿ ಹಿಡಿದು, ಎರಡು ಚಮಚ ಮಣ್ಣಿಗೆ ಒಂದು ಚಮಚ ಫೆವಿಕಾಲ್, ಸ್ವಲ್ಪ ನೀರು ಸೇರಿಸಿ ಕಲಸಿ. ದಪ್ಪ ಬಳಿದರೆ ಒಣಗಿದ ಮೇಲೆ ಬಿರಿಯುತ್ತದೆ, ಎರೆಮಣ್ಣಂತೂ ಖಂಡಿತ. ತೆಳುವಾಗಿ ಎರಡು ಸಲ ಬಳಿಯಲಿ. ಒಳಗೆ ಬರೆಯುವ ಮಾತು ಮಕ್ಕಳ ಆಡುಮಾತಿನಲ್ಲೇ ಇರಲಿ, ದಯವಿಟ್ಟು ತಿದ್ದಬೇಡಿ.

ಹೊರಗೆ ಹೋಗುವಾಗ ಕಾಲಿಗೆ ಚಪ್ಪಲಿ ಇರಲಿ, ಜಾಲಿ ಮುಳ್ಳು ಕೆಟ್ಟದ್ದು. ಕಲ್ಲು ಎತ್ತಲು ಬಿಡಬೇಡಿ, ಚೇಳು ಇರುತ್ತವೆ. ಕೆರೆ ಏರಿಯ ಮೇಲೆ ನಿಂತು ನೋಡಿದರೆ ಸಾಕು, ನೀರಿಗೆ ಇಳಿಸಬೇಡಿ. ಫೆಬ್ರವರಿ ಕಳೆದರೆ ಬೆಳಗ್ಗೆ ಮೊದಲ ಪಿರಿಯಡ್‌ನಲ್ಲೇ ಹೊರಡಿ, ಆಮೇಲೆ ಬಿಸಿಲಿಗೆ ಮಕ್ಕಳು ಕೂರುವುದಿಲ್ಲ.