ತಂಗಿಯ ಮಗುವನ್ನು ಬರೆದುಕೊಡಿ ಅಂತಿದ್ದಾರೆ, ಏನು ಮಾಡಲಿ?

"ನನ್ನ ತಂಗಿಗೆ 26 ವರ್ಷ. ಚಿಕ್ಕಂದಿನಿಂದಲೂ ಬುದ್ಧಿ ಬೆಳವಣಿಗೆ ಸ್ವಲ್ಪ ಕಮ್ಮಿ. ಅವಳ ಗಂಡನಿಗೆ ಪೋಲಿಯೋ ಆಗಿ ಒಂದು ಕಾಲು ಸ್ವಾಧೀನವಿಲ್ಲ. ಎಂಟು ತಿಂಗಳ ಮಗು ಸೊರಗಿದೆ, ಇವರಿಗೆ ನೋಡ್ಕೊಳ್ಳೋಕೆ ಬರಲ್ಲ ಅಂತ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಮಗು ಈಗ ಶಿಶುಗೃಹದಲ್ಲಿದೆ. ತಂಗಿ ಊಟ ಬಿಟ್ಟಿದ್ದಾಳೆ. ಮನೆಯವರು 'ಬರೆದುಕೊಟ್ಟುಬಿಡಿ, ಮಗುವಿಗಾದ್ರೂ ಒಳ್ಳೇದಾಗಲಿ' ಅಂತಿದ್ದಾರೆ. ಇಲ್ಲಾಂದ್ರೆ ನಾನೇ ಸಾಕಲಾ?"

ನೋಡಿ, ಮೊದಲು ಒಂದು ಮಾತು. ತಂಗಿಯಿಂದ ಯಾವ ಕಾಗದಕ್ಕೂ ಸಹಿ, ಹೆಬ್ಬೆಟ್ಟು ಹಾಕಿಸಬೇಡಿ. ಇಂಥ ಮಗು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿ ಬರೆದುಕೊಟ್ಟರೆ ಮನಸ್ಸು ಬದಲಾಯಿಸಲು ಸಿಗುವುದು 2 ತಿಂಗಳು ಅಷ್ಟೇ. ಆಮೇಲೆ ಮಗು ದತ್ತು ಹೋಗಬಹುದು.

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 2015ರ ಬಾಲನ್ಯಾಯ ಕಾಯ್ದೆಯ 38ನೇ ಸೆಕ್ಷನ್ನಿನಲ್ಲಿ ಬುದ್ಧಿಮಾಂದ್ಯ ತಂದೆತಾಯಿಯ ಮಗುವನ್ನು ಸಮಿತಿ ದತ್ತು ಕೊಡಲು ಮುಕ್ತ ಎಂದು ಘೋಷಿಸಬಹುದು ಅಂತಲೇ ಇದೆ. ಆ ಸಾಲು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಾಯಿ ಮಗುವನ್ನು ಹೇಗೆ ನೋಡಿಕೊಂಡಳು ಅಂತ ಅದು ಕೇಳುವುದೇ ಇಲ್ಲ. ಆದರೆ ಅದು ಕಡ್ಡಾಯವೇನಲ್ಲ. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಟ್ಟಕಡೆಯ ದಾರಿ ಅಂತ ಅದೇ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತದೆ. ಭಾರತ 2007ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 23ನೇ ವಿಧಿ, ಹೆತ್ತವರ ಅಂಗವೈಕಲ್ಯದ ಕಾರಣಕ್ಕೆ ಮಗುವನ್ನು ಅವರಿಂದ ಬೇರೆ ಮಾಡಲೇಬಾರದು ಅನ್ನುತ್ತದೆ. 2009ರಲ್ಲಿ ಚಂಡೀಗಢದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಬುದ್ಧಿ ಬೆಳವಣಿಗೆ ಸ್ವಲ್ಪ ಕಮ್ಮಿ ಇರುವವರು ಒಳ್ಳೆಯ ತಂದೆತಾಯಿ ಆಗಬಲ್ಲರು ಎಂದಿತ್ತು. ಇದನ್ನೆಲ್ಲ ವಕೀಲರು ಹೇಳಲಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೂ ಅಂಗವಿಕಲರಿಗೂ ವಕೀಲರು ಉಚಿತ, 15100ಕ್ಕೆ ಫೋನ್ ಮಾಡಿ.

ನಿಮ್ಮ ಕೆಲಸ ಬೇರೆ. ಮಗು ಮನೆಗೆ ಬಂದರೆ ಬೆಳಿಗ್ಗೆ ಅದಕ್ಕೆ ರಾಗಿ ಸರಿ ಯಾರು ಮಾಡಿ ತಿನ್ನಿಸುತ್ತಾರೆ, ರಾತ್ರಿ ಜ್ವರ ಬಂದರೆ ಯಾರು ಆಸ್ಪತ್ರೆಗೆ ಕರೆದೊಯ್ಯುತ್ತಾರೆ ಅನ್ನುವುದಕ್ಕೆ ಸಮಿತಿಯವರಿಗೆ ಉತ್ತರ ಬೇಕು. ನಮ್ಮಲ್ಲಿ ಯಾವ ಬಾಣಂತಿ ಒಬ್ಬಳೇ ಮಗು ಸಾಕಿದ್ದಾಳೆ ಹೇಳಿ? ತಾಯಿ ಎರೆಯುತ್ತಾಳೆ, ಅತ್ತೆ ಮಲಗಿಸುತ್ತಾಳೆ, ಪಕ್ಕದ ಮನೆಯವರು ಎತ್ತಿಕೊಳ್ಳುತ್ತಾರೆ. ಅದರಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ. ನಿಮ್ಮ ತಂಗಿಗೆ ಸಹಾಯ ಬೇಕು ಅಂದ ಕೂಡಲೇ ಅದೇ ಅವಳ ಅನರ್ಹತೆ ಆಗಿಬಿಡುತ್ತದೆ, ಅಲ್ವಾ?

ಹಾಗಾಗಿ ಒಂದು ಹಾಳೆಯಲ್ಲಿ ಬರೆಯಿರಿ: ನೀವು ಯಾವ ಹೊತ್ತಿಗೆ ಬರುತ್ತೀರಿ, ತಂಗಿಯ ಗಂಡ ಏನು ನೋಡಿಕೊಳ್ಳುತ್ತಾರೆ, ಅಂಗನವಾಡಿಯಲ್ಲಿ ತೂಕ ಯಾವಾಗ, ಆಶಾ ಕಾರ್ಯಕರ್ತೆ ಎಷ್ಟು ದಿನಕ್ಕೊಮ್ಮೆ ಬರಬಲ್ಲರು. ಅಂಗವಿಕಲರಿಗೆ ನೆರವಾಗುವ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಸೇರಿಸಿಕೊಳ್ಳಿ. ತಂಗಿಗೆ ಬಾಯಲ್ಲಿ ಹೇಳಿ ಬಿಡಬೇಡಿ, ಮಾಡಿ ತೋರಿಸಿ, ಒಂದು ಸಲಕ್ಕೆ ಒಂದೇ ಕೆಲಸ. ಊಟದ ಹೊತ್ತುಗಳನ್ನು ಗಡಿಯಾರದ ಚಿತ್ರ ಬರೆದು ಗೋಡೆಗೆ ಅಂಟಿಸಿ. ಔಷಧಿಯ ಅಳತೆ ಅವಳಿಗೆ ಆಗದಿದ್ದರೆ ಆಗದು ಅಂತಲೇ ಬರೆಯಿರಿ, ಅದನ್ನು ಯಾರು ಕೊಡುತ್ತಾರೆ ಅಂತಲೂ ಬರೆಯಿರಿ. ಮಗುವಿನ ತೂಕದ ವಿಷಯ ಮುಚ್ಚಿಡಬೇಡಿ. ಕಾಯಿಲೆ ಏನಾದರೂ ಇದೆಯಾ ಅಂತ ಮಕ್ಕಳ ಡಾಕ್ಟರಿಗೆ ತೋರಿಸಲು ಕೇಳಿ.

ಸಮಿತಿಯ ಪರವಾಗಿ ವಿಚಾರಿಸುವ ಸಮಾಜ ಕಾರ್ಯಕರ್ತರು 15 ದಿನದೊಳಗೆ ವರದಿ ಕೊಡಬೇಕು. ಅವರು ಮನೆಗೆ ಬಂದಾಗ ನೀವು ತಂಗಿಯ ಪಕ್ಕ ಕೂತಿರಿ. ಅವಳ ಬದಲು ಉತ್ತರ ಕೊಡಬೇಡಿ. ಅವಳು ನಿಧಾನವಾಗಿ ಹೇಳಲಿ, ತಡವರಿಸಲಿ, ಮಗುವಿನ ವಿಷಯ ಅವಳ ಬಾಯಿಂದಲೇ ಬರಲಿ. ಮಿಷನ್ ವಾತ್ಸಲ್ಯ ಅನ್ನುವ ಸರ್ಕಾರಿ ಯೋಜನೆಯ ಪ್ರಾಯೋಜಕತ್ವ, ಅಂದರೆ ಮಗುವಿನ ಪಾಲನೆಗೆ ಧನಸಹಾಯ, ಕೊಡಿಸಿ ಅಂತ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲೂ ಕೇಳಿ. ಹಣದಿಂದಲೂ ಮೈಯಿಂದಲೂ ಅಶಕ್ತರಾದ ಹೆತ್ತವರ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ಹಳ್ಳಿಯಲ್ಲಾದರೆ ವರ್ಷದ ಆದಾಯ 72,000 ರೂಪಾಯಿ ಮೀರಬಾರದು.

ಇನ್ನು ನೀವೇ ಸಾಕುವುದು. ವಿಚಾರಣೆ ಮುಗಿಯುವ ತನಕ ಮಗುವನ್ನು ನನ್ನ ಮನೆಗೆ ಕೊಡಿ ಅಂತ ಖಂಡಿತ ಕೇಳಿ, ಆದರೆ ತಂಗಿಯೂ ಅಲ್ಲೇ ಇರುತ್ತಾಳೆ ಅಂತ ಸೇರಿಸಿ. ಮಗು ನಿಮ್ಮದಾಗಿ ಅವಳು ನೆಂಟಳಾಗಬಾರದು. ಅದಕ್ಕೂ ಮೊದಲು, ಇವತ್ತೇ, ತಂಗಿಗೆ ದಿನಾ ಶಿಶುಗೃಹಕ್ಕೆ ಹೋಗಿ ಹಾಲುಣಿಸಲು ಅನುಮತಿ ಕೇಳಿ ಸಮಿತಿಗೆ ಅರ್ಜಿ ಕೊಡಿ. ಬಿಟ್ಟರೆ ಎದೆಹಾಲು ಬತ್ತುತ್ತದೆ, ಮಗುವಿಗೆ ತಾಯಿಯ ಗುರುತು ತಪ್ಪುತ್ತದೆ, ಆಮೇಲೆ ಅದನ್ನೇ ಅವಳ ವಿರುದ್ಧ ಬರೆದುಬಿಡಬಹುದು. ಅರ್ಜಿಯ ಒಂದು ಪ್ರತಿಗೆ ಸೀಲ್ ಹಾಕಿಸಿಕೊಂಡು ಇಟ್ಟುಕೊಳ್ಳಿ.